ಹಲ್ಲಿನ ಪೊರೆ, ಶೇಂಗಾಕಾಯಿ ಮತ್ತು ನನ್ನ ಬಲಗೈ

ನನ್ನ ಬಲಗೈಗೆ ಒಂದು ಚಾಳಿ ಇದೆ. ನಗು ಬಂತೆಂದರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಮೇಲೆದ್ದು ಬಾಯಿಗೆ ಅಡ್ಡ ಬಂದು ನಿಲ್ಲುತ್ತದೆ. ಆಫೀಸಿನಲ್ಲಿ ಫೈಲು ಹಿಡಿದಿದ್ದರೆ ಫೈಲಿನ ಸಮೇತ, ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದರೆ ಸೌಟಿನ ಸಮೇತ. ಹೊಸ ಸೀರೆಯ ಸೆರಗಿನ ಮೇಲೆ ಬಿಸಿ ಸಾರು ಸುರಿದುಕೊಂಡದ್ದು ಹೀಗೆಯೇ. ಈ ಕೈಯನ್ನು ನೋಡಿ ಎಷ್ಟೋ ಜನ ನನ್ನನ್ನು ನಾಚಿಕೆ ಸ್ವಭಾವದವಳು ಎಂದು ಮೆಚ್ಚಿಕೊಂಡಿದ್ದಾರೆ. ಹೆಣ್ಣು ನೋಡಲು ಬಂದ ದಿನ ನನ್ನ ಅತ್ತೆಯವರು ಮೆಚ್ಚಿದ್ದೂ ಇದನ್ನೇ. "ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಕಂಡು ನಗ್ತಾಳೆ, ಸಂಸ್ಕಾರ ಐತೆ" ಅಂದರಂತೆ. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ಕೈಯ ಹಿಂದೆ ಇದ್ದದ್ದು ಕಂದು ಬಣ್ಣದ ಹಲ್ಲು.

ನಮ್ಮ ತವರೂರು ಐಮಂಗಲದ ಹೆದ್ದಾರಿಯಿಂದ ಒಳಕ್ಕೆ ಹೋಗಬೇಕಾದ ಸಣ್ಣ ಊರು. ಅಲ್ಲಿ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಎಂಬ ಒಂದು ಲವಣ ಇದೆ. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲು ಒಸಡಿನೊಳಗೆ ಇರುವಾಗಲೇ ಆ ನೀರನ್ನು ಕುಡಿದು, ಬಣ್ಣ ಹತ್ತಿಸಿಕೊಂಡೇ ಹೊರಗೆ ಬರುತ್ತದೆ. ಉಜ್ಜಿದರೆ ಹೋಗುವ ಬಣ್ಣ ಅಲ್ಲ. ನಾನು ಉಪ್ಪಿನಲ್ಲಿ ಉಜ್ಜಿದೆ, ಇದ್ದಿಲಿನಲ್ಲಿ ಉಜ್ಜಿದೆ, ಒಂದು ಸಲ ಪಾತ್ರೆ ತಿಕ್ಕುವ ಪುಡಿಯಲ್ಲೂ ಉಜ್ಜಿದೆ. ಒಸಡು ಕಿತ್ತುಬಂತೇ ಹೊರತು ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಆದರೆ ಊರಿನಲ್ಲಿ ಇದ್ದಷ್ಟು ದಿನ ಅದೊಂದು ಕಲೆ ಎಂದೇ ನನಗೆ ಗೊತ್ತಿರಲಿಲ್ಲ ನೋಡಿ. ಅಮ್ಮನದೂ ಅದೇ ಹಲ್ಲು, ಅಕ್ಕನದೂ ಅದೇ ಹಲ್ಲು. ಹಲ್ಲಿನ ಬಣ್ಣವೇ ಅದು ಎಂದು ತಿಳಿದಿದ್ದೆ. ಹೈಸ್ಕೂಲಿಗೆಂದು ಹಿರಿಯೂರಿಗೆ ಬಂದ ಮೊದಲ ದಿನ ಪಕ್ಕದ ಹುಡುಗಿ, ಕೆಟ್ಟ ಮನಸ್ಸಿನಿಂದಲ್ಲ, ನಿಜವಾದ ಕುತೂಹಲದಿಂದಲೇ, "ನೀನು ಹಲ್ಲುಜ್ಜಲ್ವೇನೆ?" ಎಂದು ಕೇಳಿದಳು. ಅವತ್ತು ಎದ್ದ ಕೈ ಇದು.

ನಮ್ಮ ಹಳೆಯ ಕವಿಗಳನ್ನು ನಾನು ಇನ್ನೂ ಕ್ಷಮಿಸಿಲ್ಲ. ಹೆಣ್ಣಿನ ಹಲ್ಲೆಂದರೆ ಅವರಿಗೆ ಮಲ್ಲಿಗೆಯ ಮೊಗ್ಗು, ಮುತ್ತಿನ ಸಾಲು, ಇಲ್ಲವೇ ದಾಳಿಂಬೆಯ ಬೀಜ. ಮೊದಲ ಎರಡನ್ನು ಒಪ್ಪೋಣ. ಹೊಸದುರ್ಗದ ಕಡೆ ನಮ್ಮ ನೆಂಟರ ತೋಟದಲ್ಲಿ ನಾನೇ ದಾಳಿಂಬೆ ಸೀಳಿ ನೋಡಿದ್ದೇನೆ, ಬೀಜ ರಕ್ತಗೆಂಪು. ಅಂಥ ಹಲ್ಲಿನ ನಾಯಕಿ ಎದುರಿಗೆ ಬಂದು ನಕ್ಕರೆ ನಾಯಕ ಕಂಬಿ ಕೀಳಬೇಕಿತ್ತು, ಕೀಳಲಿಲ್ಲ. ಕೆಂಪು ಹಲ್ಲನ್ನು ಅಷ್ಟು ಮುದ್ದು ಮಾಡಿದ ಸಾಹಿತ್ಯ ಕಂದು ಹಲ್ಲಿಗೆ ಒಂದು ಸಾಲನ್ನೂ ಕೊಡಲಿಲ್ಲವಲ್ಲ ಎಂಬುದು ನನ್ನ ಸಂಕಟ. ಹಿಂದೆ ಮದುವೆಯಾದ ಹೆಂಗಸರು ಹಲ್ಲಿಗೆ ಕಪ್ಪು ಬಳಿದುಕೊಳ್ಳುವುದೇ ಚೆಲುವು ಎನ್ನುವ ಕಾಲವೂ ಇತ್ತಂತೆ. ನಾನು ಸ್ವಲ್ಪ ತಡವಾಗಿ ಹುಟ್ಟಿದೆ, ಅಷ್ಟೆ.

ನನ್ನ ಯಜಮಾನರದು ಚಿತ್ರದುರ್ಗದಲ್ಲಿ, ಹೊಳಲ್ಕೆರೆ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಎಲೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಅವರು ಆಲ್ಬಮ್ಮುಗಳನ್ನೆಲ್ಲ ಹರಡಿಕೊಂಡು ಕೂತಿದ್ದರು. ಒಂದೊಂದೇ ಹಾಳೆ ತಿರುವಿದರು. ಆಮೇಲೆ, "ಏನೇ, ಇಷ್ಟು ವರ್ಷದಾಗೆ ನೀನು ನಕ್ಕಿರಾದು ಒಂದು ಫೋಟೋನೂ ಇಲ್ಲ. ಎಲ್ಲಾದ್ರಾಗೂ ಬರೀ ಕೈ ಐತೆ" ಅಂದರು. "ಊರೋರ ಮನೆಗೆಲ್ಲ ಫಿನಿಶಿಂಗ್ ಕೊಟ್ಟೆ, ಮನೆಯಾಗಿರಾಳ ಕಡೆ ನೋಡ್ಲೇ ಇಲ್ಲ ನೋಡು ನಾನು. ನಡಿ, ಹಲ್ಲಿನ ಡಾಕ್ಟ್ರತ್ರ ಹೋಗಾಣ. ನಿನ್ನ ಕೈ ಒಂದ್ಸಲ ಇಳಿದಿದ್ದು ನಾನು ನೋಡ್ಬೇಕು." ನನಗೆ ಕಣ್ಣಲ್ಲಿ ನೀರು ಬಂತು. ಅಳು ಬಂದಾಗಲೂ ಕೈ ಬಾಯಿಗೇ ಹೋಯಿತು ಎನ್ನುವುದು ಬೇರೆ ಮಾತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೂಗು ಬಾಯಿ ಮುಚ್ಚುವ ಮಾಸ್ಕು, ಅದರ ಮೇಲೆ ಎರಡು ಚುರುಕು ಕಣ್ಣು. ಅವರ ಮುಖದಲ್ಲಿ ನನಗೆ ಆಗ ಗೊತ್ತಿದ್ದದ್ದು ಅಷ್ಟೇ. ವಿನೀರ್ ಅಂತ ಒಂದು ಬರುತ್ತದೆ ಎಂದು ವಿವರಿಸಿದರು. ಹಲ್ಲಿನ ಮುಂಭಾಗವನ್ನು ಒಂದಿಷ್ಟೇ ಇಷ್ಟು ತೇಯ್ದು, ಅಚ್ಚು ತೆಗೆದು, ಆ ಅಳತೆಗೆ ಪಿಂಗಾಣಿಯ ಪೊರೆ ಮಾಡಿಸಿ ಅಂಟಿಸುವುದು. ಒಂದು ಹಲ್ಲಿಗೆ ಒಂಬತ್ತು ಸಾವಿರ. ನಕ್ಕರೆ ಎದ್ದು ಕಾಣುವುದು ಮೇಲಿನ ನಾಲ್ಕು ಹಲ್ಲು. ನಾನು ಕುರ್ಚಿಯಲ್ಲೇ ಲೆಕ್ಕ ಹಾಕಿದೆ. ನಮ್ಮ ಅಂಗಡಿಯಲ್ಲಿ ಒಂಬತ್ತು ಸಾವಿರಕ್ಕೆ ಒಂದು ಬಚ್ಚಲುಮನೆಗೆ ನೆಲ ಗೋಡೆ ಸೇರಿ ಟೈಲ್ಸ್ ಬರುತ್ತದೆ. ನನ್ನ ಬಾಯಲ್ಲಿ ನಾಲ್ಕು ಬಚ್ಚಲುಮನೆ! ನಾನು ಏಳಲು ನೋಡಿದೆ. ಅಷ್ಟರಲ್ಲಿ ಡಾಕ್ಟರಮ್ಮ ಹಲ್ಲಿನ ಬಣ್ಣ ಆರಿಸುವ ಪಟ್ಟಿ ತೆಗೆದರು. ಬಿಳಿಯಲ್ಲೇ ಹದಿನಾರು ಬಗೆ, ಸಾಲಾಗಿ ಹದಿನಾರು ಹಲ್ಲು. ಯಜಮಾನರ ಮುಖ ಅರಳಿತು. "ಓಹೋ, ನಿಮ್ಮತ್ರಾನೂ ಶೇಡ್ ಕಾರ್ಡ್ ಐತಾ!" ಎಂದು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ನನ್ನನ್ನು ಕೇಳುವವರೇ ಇಲ್ಲ. ಅಂಟು ಯಾವುದು, ಎಷ್ಟು ಹೊತ್ತಿಗೆ ಬಿಗಿಯುತ್ತದೆ, ಸಂದಿಗೆ ಏನು ತುಂಬುತ್ತೀರಿ, ನಾಲ್ಕೂ ಒಂದೇ ಬ್ಯಾಚೇ, ಅಂದರೆ ಒಂದೇ ಸಲ ಭಟ್ಟಿಯಲ್ಲಿ ಬೆಂದವೇ ಎಂದು ಇಬ್ಬರೂ ಒಂದೇ ಕಸುಬಿನವರ ಹಾಗೆ ಮಾತಾಡಿಕೊಂಡರು, ನಾನು ಬಾಯಿ ತೆರೆದುಕೊಂಡೇ ಇದ್ದೆ.

ಎರಡು ವಾರಕ್ಕೆ ಪೊರೆ ಬಂತು. ಅಂಟಿಸುವ ಮೊದಲು ಡಾಕ್ಟರಮ್ಮ ಒಂದನ್ನು ನನ್ನ ಅಂಗೈ ಮೇಲೆ ಇಟ್ಟರು. ಏನು ಹೇಳಲಿ ನಿಮಗೆ! ಉಗುರಿಗಿಂತ ತೆಳು. ಕೆಳಗೆ ನನ್ನ ಹಸ್ತರೇಖೆ ಮಸುಕಾಗಿ ಕಾಣುತ್ತಿತ್ತು. ಉಸಿರು ಬಿಟ್ಟರೆ ಹಾರಿಹೋದೀತು ಎಂದು ಉಸಿರು ಬಿಗಿಹಿಡಿದೆ. ಇದು ಹಲ್ಲಿನ ಮೇಲೆ ನಿಲ್ಲುತ್ತದೆ, ಇದರಲ್ಲಿ ನಾನು ದೋಸೆ ತಿನ್ನುತ್ತೇನೆ ಅಂದರೆ ನಂಬುವುದು ಹೇಗೆ? ನೀಲಿ ದೀಪ ಒಂದನ್ನು ಬಾಯೊಳಗೆ ಹಿಡಿದರು, ಕ್ಷಣದಲ್ಲಿ ಕಲ್ಲಿನ ಹಾಗೆ ಕಚ್ಚಿಕೊಂಡಿತು. ಯಜಮಾನರು ಕೈ ಮುಗಿದೇಬಿಟ್ಟರು. "ನಮ್ ಕೋಟೆ ಕಟ್ಟಿದೋರು ಗಾರೆ ಇಲ್ದೆ ಬಂಡೆ ಕೂರ್ಸಿದ್ರು ಅಂತ ಬೆರಗಾಗಿದ್ದೆ ಡಾಕ್ಟ್ರೇ, ಇದು ಅದ್ಕಿಂತ ಒಂದು ಕೈ ಮೇಲೆ" ಅಂದರು. ಕನ್ನಡಿಯಲ್ಲಿ ನೋಡಿಕೊಂಡೆ. ಯಾರೋ ಶ್ರೀಮಂತರ ಮನೆಯ ಹೆಂಗಸು ನನ್ನ ಸೀರೆ ಉಟ್ಟುಕೊಂಡು ನಿಂತಿದ್ದಳು. ಅವಳನ್ನು ನೋಡಿ ನಗು ಬಂತು. ಬಲಗೈ ಎದ್ದು ಬಾಯಿ ಮುಚ್ಚಿತು.

ಅದೇ ಆಗಿದ್ದು ನೋಡಿ. ಹಲ್ಲು ಬದಲಾಯಿತು, ಕೈಗೆ ಸುದ್ದಿ ಮುಟ್ಟಲಿಲ್ಲ. ತಿಂಗಳು ಎರಡಾಯಿತು, ನಾಲ್ಕಾಯಿತು. ಮದುವೆಮನೆ, ಆಫೀಸಿನ ಬೀಳ್ಕೊಡುಗೆ, ಎಲ್ಲ ಫೋಟೋದಲ್ಲೂ ಮೂವತ್ತಾರು ಸಾವಿರದ ಹಲ್ಲಿನ ಮುಂದೆ ನನ್ನ ಐದು ಬೆರಳು. ಯಜಮಾನರು ಒಂದು ದಿನ ತಡೆಯಲಾರದೆ, "ಇಟಾಲಿಯನ್ ಮಾರ್ಬಲ್ ಹಾಕ್ಸಿ ಮೇಲೆ ಗೋಣಿಚೀಲ ಹಾಸ್ದಂಗಾತಲ್ಲೇ" ಅಂದರು. ಸಿಟ್ಟಿನಲ್ಲಿ ಅಲ್ಲ, ಬೇಸರದಲ್ಲಿ. ಅವರ ಬೇಸರ ನನ್ನನ್ನು ಚುಚ್ಚಿತು. ಕೈಯನ್ನು ಎಷ್ಟು ಬೈದರೂ ಅದು ಕೇಳಲಿಲ್ಲ.

ಹೀಗಿರುವಾಗ ಮುಂಗಾರಿನ ಮೊದಲು ಅಕ್ಕನ ಊರಿಗೆ ಹೋದೆ. ಅಕ್ಕನನ್ನು ತವರೂರಿನಲ್ಲೇ ಕೊಟ್ಟಿದ್ದು. ಬಿತ್ತನೆಗೆ ಅವಳು ಮನೆಯ ಬೀಜವನ್ನೇ ಇಡುತ್ತಾಳೆ, ಮಿಷನ್ನಿಗೆ ಹಾಕಿದರೆ ಬೀಜದ ಮೂತಿ ಒಡೆಯುತ್ತದೆ ಎಂದು ಕೈಯಲ್ಲೇ ಶೇಂಗಾ ಬಿಡಿಸುತ್ತಾಳೆ. ಅಕ್ಕಪಕ್ಕದ ಹೆಂಗಸರು ಮುಯ್ಯಿಗೆ ಬರುತ್ತಾರೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಕಾಯಿಗೆ ನೀರು ಚಿಮುಕಿಸಿ ರಾಶಿ ಹಾಕಿಕೊಂಡು ಸುತ್ತ ಕೂತರೆ ಸಂಜೆಯ ತನಕ ಎರಡೂ ಕೈ ಬಿಡುವಿಲ್ಲ. ಹೆಬ್ಬೆರಳಲ್ಲಿ ಒತ್ತುವುದು, ಹೆಬ್ಬೆರಳು ನೊಂದಾಗ ನಡುವೆ ಒಂದೊಂದನ್ನು ಮುಂದಿನ ಹಲ್ಲಿಗೆ ಕೊಡುವುದು. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ, ಬಂದೇ ಬರುತ್ತದೆ. ಎರಡೂ ಕೈಯಲ್ಲಿ ಶೇಂಗಾ ಇರುವುದರಿಂದ ಅಲ್ಲಿ ಬಾಯಿ ಮುಚ್ಚಿಕೊಳ್ಳಲು ಯಾರಿಗೂ ಕೈ ಇರುವುದಿಲ್ಲ. ಇಡೀ ಅಂಗಳ ಬಾಯ್ತುಂಬ ನಗುತ್ತದೆ, ಕಂದು ಹಲ್ಲುಗಳೆಲ್ಲ ಹೊರಗೆ. ಎಲ್ಲರಿಗಿಂತ ದೊಡ್ಡ ನಗು ನಮ್ಮಕ್ಕನದು, ಬೀದಿಯ ಆ ತುದಿಗೆ ಕೇಳಬೇಕು.

ಪಕ್ಕದ ಮನೆಯ ಓಬಕ್ಕ ರೇಷನ್ ಅಂಗಡಿಯ ಕತೆ ತೆಗೆದಳು. ಶೇಂಗಾ ಬಿಡಿಸಿ ಬಿಡಿಸಿ ಅವಳ ಹೆಬ್ಬೆರಳಿನ ಗೆರೆಯೆಲ್ಲ ಸವೆದಿದೆ. "ಬೆರಳು ಒತ್ತು ಅಂದ, ಒತ್ತಿದೆ. ನೀನು ಓಬಕ್ಕ ಅಲ್ಲ ಅಂತು ಆ ಮಿಷನ್ನು. ಅಯ್ಯೋ ಶಿವನೇ, ಅಷ್ಟೇ ಸಾಕು ಕಣಪ್ಪ, ಹಂಗಂತ ಬರ್ದು ಕೊಡು, ಮನೆಯಾಗೆ ಕುಂತಿರೋ ಆ ಮುದುಕನಿಗೆ ತೋರಿಸ್ತೀನಿ, ಇವತ್ತಿಂದ ನಿನಗೆ ಮುದ್ದೆ ಮಾಡಿಕ್ಕಾಕೆ ನಾನು ಓಬಕ್ಕ ಅಲ್ಲ ಅಂತ!"

ನಗು ಒಡೆದು ಬಂತು. ಎರಡೂ ಕೈ ತುಂಬ ಶೇಂಗಾ, ಮುಂದಿನ ಹಲ್ಲಿನ ನಡುವೆ ಆಗತಾನೇ ಇಟ್ಟ ಒಂದು ಕಾಯಿ. ಮುಂದಿನ ಹಲ್ಲಿನಲ್ಲಿ ಗಟ್ಟಿಯಾದದ್ದು ಏನೂ ಕಚ್ಚಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತಾ? ಎಲ್ಲಿಯ ನೆನಪು! ಕಟಕ್ ಅಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಗೆಯಿಂದ ಮುಟ್ಟಿ ನೋಡಿದೆ, ಎಡಗಡೆಯ ಮುಂದಿನ ಹಲ್ಲಿನ ತುದಿ ಖಾಲಿ. ಥೂ ಎಂದು ಉಗುಳಿದ್ದು ಸಿಪ್ಪೆಯ ಜೊತೆ ರಾಶಿಗೇ ಬಿದ್ದಿತ್ತು.

"ಒಂಬತ್ತು ಸಾವಿರ ಕಣಕ್ಕಾ" ಎಂದು ನಾನು ಅಳುವುದೊಂದು ಬಾಕಿ. ಯಜಮಾನರು ಏನಂತಾರೋ ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅವರು ಏನೂ ಅನ್ನದೆ ಸುಮ್ಮನೆ ಇದ್ದುಬಿಟ್ಟರೆ ಎಂಬ ಭಯ. ಅಕ್ಕ ಎದ್ದು ಮೊರ ತಂದಳು. ನನ್ನ ಮುಂದಿದ್ದ ರಾಶಿಯನ್ನು ಮೊರಮೊರವಾಗಿ ತೆಗೆದು ಕೇರಿದಳು. ಸಿಪ್ಪೆ ಹಾರಿ ಆಚೆ ಬಿತ್ತು, ಬೀಜ ಈಚೆ ಉಳಿಯಿತು. ಆಮೇಲೆ ಬೀಜವನ್ನು ಪಕ್ಕಕ್ಕೆ ಸುರಿದು, ಉಳಿದ ಹುಡಿಯನ್ನು ಮೊರದಲ್ಲಿ ಅತ್ತ ಇತ್ತ ಒನೆದು, ಅಂಚಿಗೆ ಬೆರಳಿಂದ ಟಕಟಕ ಬಡಿದಳು. ಮರಳು, ಸಣ್ಣ ಕಲ್ಲು ಎಲ್ಲ ನಡೆದುಕೊಂಡು ಬಂದ ಹಾಗೆ ಒಂದು ಮೂಲೆಗೆ ಬಂದವು. ಹೆಂಗಸರೆಲ್ಲ ಮೊರದ ಮೇಲೆ ಬಗ್ಗಿದ್ದರು. ನಾಲ್ಕನೇ ಮೊರದಲ್ಲಿ, ಮರಳಿನ ಮಧ್ಯೆ, ಅರ್ಧ ಅಕ್ಕಿಕಾಳಿನಷ್ಟು ಬಿಳಿ ಮಿಂಚಿತು. ಅಕ್ಕ ಬೆರಳ ತುದಿಗೆ ಎಂಜಲು ಹಚ್ಚಿ ಅದನ್ನು ಎತ್ತಿದಳು. "ಇದೇ ಏನೇ ನಿನ್ನ ಒಂಬತ್ತು ಸಾವಿರ?" ಅಂದಳು. ನೀಲಿ ದೀಪಕ್ಕೆ ಬೆರಗಾಗಿದ್ದೆನಲ್ಲ, ಇದು ಅದಕ್ಕೂ ಒಂದು ಕೈ ಮೇಲೆ. ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಇದನ್ನು?

ಚೂರು ಕಳೆಯಬಾರದೆಂದು ಅಕ್ಕ ತನ್ನ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಸೆರಗಿನಿಂದ ಒರೆಸಿ, ಅದರಲ್ಲಿ ಹಾಕಿ ಮುಚ್ಚಿಕೊಟ್ಟಳು. ಭದ್ರವಾದ ಡಬ್ಬಿ, ನನಗೂ ಸರಿ ಅನ್ನಿಸಿತು.

ಮನೆಗೆ ಬಂದು ಕೈ ಅಡ್ಡ ಇಟ್ಟುಕೊಂಡೇ ವಿಷಯ ಹೇಳಿದೆ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. "ಕೈ ಇಲ್ದೆ ನಕ್ಯಾ?" ಹೂಂ ಅಂದೆ. "ಛೇ, ನಾನಿರಲಿಲ್ಲ ನೋಡು" ಅಂದರು. ಒಡೆದದ್ದಕ್ಕಲ್ಲ, ತಾವು ನೋಡದೆ ಹೋದದ್ದಕ್ಕೆ ಅವರಿಗೆ ಹೊಟ್ಟೆ ಉರಿದಿತ್ತು.

ಡಾಕ್ಟರಮ್ಮ ರಿಪೇರಿಯ ಲೆಕ್ಕ ಹೇಳಿದರು. ಹೊಸ ಪೊರೆಯೇ ಬೇಕೆಂದರೆ ಹಳೆಯದನ್ನು ಕೊರೆದು ತೆಗೆದು, ಮತ್ತೆ ಅಚ್ಚು ತೆಗೆದು, ಮತ್ತೆ ಮಾಡಿಸಬೇಕು. ಪೂರ್ತಿ ಒಂಬತ್ತು ಸಾವಿರ. ಹಲ್ಲಿನ ಬಣ್ಣದ ಸಿಮೆಂಟಿನಿಂದ ತುದಿ ತುಂಬಿಸಿದರೆ ಎರಡು ಸಾವಿರ, ಆದರೆ ಬರಬರುತ್ತ ಅದರ ಬಣ್ಣ ಬೇರೆಯಾಗುತ್ತದೆ. "ಚೂರು ಸಿಕ್ಕಿದ್ರೆ ಅದನ್ನೇ ಅಂಟಿಸಿ ನೋಡಬಹುದಿತ್ತು, ಒಂದೂವರೆ ಸಾವಿರದಾಗೆ ಮುಗೀತಿತ್ತು. ಯಾರಿಗೆ ಸಿಗುತ್ತೆ ಬಿಡ್ರಿ" ಅಂದರು. ನಾನು ಹೆಮ್ಮೆಯಿಂದ ಸುಣ್ಣದ ಡಬ್ಬಿ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿದವರು, "ಇದೇನ್ರಮ್ಮಾ, ಹಲ್ಲಿಗೆ ಸುಣ್ಣ ಬಳ್ಕಂಡು ಬಂದೀರಿ!" ಎಂದರು. ಒರೆಸಿದ್ದ ಡಬ್ಬಿಯ ಸಂದಿಯಲ್ಲಿ ಉಳಿದಿದ್ದ ಸುಣ್ಣ ಚೂರಿಗೆ ಮೆತ್ತಿಕೊಂಡಿತ್ತು. "ಸುಣ್ಣ ಇದ್ರೆ ಅಂಟು ಹಿಡಿಯಲ್ಲ, ನಮ್ ಲೈನ್ನಾಗೂ ಅಷ್ಟೇ" ಎಂದು ಯಜಮಾನರು ತಲೆ ಕೆಡಿಸಿಕೊಂಡರು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಉಸಿರು ಕಟ್ಟಿ, ಮಾಸ್ಕನ್ನು ಕೆಳಗೆ ಎಳೆದುಕೊಂಡರು.

ಹಲ್ಲು ಕಂದು. ನಮ್ಮೂರಿನ ಕಂದು. ಅಮ್ಮನ ಹಲ್ಲಿನಲ್ಲಿ ಇದ್ದ ಹಾಗೆಯೇ ಅಡ್ಡಕ್ಕೆ ಎರಡು ಪಟ್ಟೆ.

ನಾನು ಬೆಪ್ಪಾಗಿ ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು. "ನಾನೂ ಹಳ್ಳಿಯಾಗೆ ಬೋರ್‌ವೆಲ್ ನೀರು ಕುಡ್ದು ಬೆಳೆದೋಳೇ ಕಣ್ರಮ್ಮಾ" ಅಂದರು.

"ಮತ್ತೆ ನೀವು ಯಾಕೆ ಹಾಕಿಸ್ಕಂಡಿಲ್ಲ ಡಾಕ್ಟ್ರೇ?"

"ಹಾಕಿಸ್ಕಬೇಕು ಅಂತಾನೇ ಇದ್ದೆ. ಹಳ್ಳಿ ಶಾಲೆಗೆ ಹಲ್ಲು ನೋಡಾಕೆ ಹೋಗ್ತೀವಲ್ಲ, ಈ ಥರ ಹಲ್ಲಿರೋ ಹುಡುಗ್ರು ಬಾಯೇ ತೆರೆಯಲ್ಲ. ಒಂದಿನ ನಾನು ಮಾಸ್ಕ್ ಇಳಿಸಿ ನಕ್ಕೆ ನೋಡ್ರಿ, ಎಲ್ರೂ ಬಾಯಿ ತೆರೆದ್ರು. ಆಮೇಲೆ ಮನಸ್ಸು ಬರ್ಲಿಲ್ಲ." ಅಷ್ಟು ಹೇಳಿ ಮಾಸ್ಕು ಏರಿಸಿಕೊಂಡು ಚೂರನ್ನು ತೊಳೆಯಲು ಹೋದರು.

ಚೂರು ಕೂತಿತು. ಗೆರೆ ಎಲ್ಲಿದೆ ಎಂದು ಯಜಮಾನರು ಟಾರ್ಚ್ ಹಾಕಿ ಹುಡುಕಿದರೂ ಸಿಗಲಿಲ್ಲ. "ಗಟ್ಟಿ ನಿಂತ್ರೆ ನಿಮ್ಮ ಪುಣ್ಯ. ಇನ್ನೊಂದ್ಸಲ ಶೇಂಗಾ ಕಡಿದ್ರೆ ನನ್ನತ್ರ ಬರಬ್ಯಾಡ್ರಿ" ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು.

ಆ ಭಾನುವಾರ ಡಬ್ಬಿ ವಾಪಸು ಕೊಡಲು ಹೊರಟೆ. ಅಂಗಡಿ ಬಿಟ್ಟು ಕದಲದ ಯಜಮಾನರು, "ಆ ಚೂರು ಹುಡುಕಿದ ಕೈ ಒಂದ್ಸಲ ನೋಡ್ಬೇಕು" ಎಂದು ತಾವೂ ಬಂದರು. ಕೊನೆಯ ಚೀಲದ ಶೇಂಗಾ ಅಂಗಳದಲ್ಲಿ ರಾಶಿ ಬಿದ್ದಿತ್ತು. ನಾನು ಅಕ್ಕನ ಪಕ್ಕ ಕೂತು ಬರೀ ಹೆಬ್ಬೆರಳಲ್ಲೇ ಬಿಡಿಸತೊಡಗಿದೆ. ಅಕ್ಕ ಡಬ್ಬಿ ತಿರುಗಿಸಿ ನೋಡಿ, "ಲೇ, ಇದ್ರಾಗೆ ನಿನ್ನ ಹಲ್ಲಿತ್ತು, ಇನ್ನು ಎಲೆಗೆ ಹಚ್ಕಂಡ್ರೆ ನನ್ನ ಎಲೆನೇ ನನ್ನ ಕಚ್ತೈತೇನೋ" ಅಂದಳು. ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ. ಯಜಮಾನರು ಮೊಬೈಲು ಎತ್ತಿ ಹಿಡಿದದ್ದು ಆಗಲೇ.

ಫೋಟೋ ತಂದು ನನ್ನ ಕಣ್ಣಮುಂದೆ ಹಿಡಿದರು. "ನೋಡೇ, ಕೈ ಇಲ್ಲ." ನಿಜ, ಕೈ ಇರಲಿಲ್ಲ. ಎರಡೂ ಕೈಯಲ್ಲಿ ಶೇಂಗಾ, ಬಾಯಿ ಅಗಲ, ನಾಲ್ಕೂ ಹಲ್ಲು ಝಗಝಗ. ಎಷ್ಟು ಸಂತೋಷವಾಯಿತು ಎಂದರೆ ಪಕ್ಕಕ್ಕೆ ನೋಡಲು ಒಂದು ಕ್ಷಣ ತಡವಾಯಿತು. ಪಕ್ಕದಲ್ಲಿ ಅಕ್ಕ ಇದ್ದಳು. ಅಕ್ಕನ ಬಾಯಿಗೆ ಅಡ್ಡ ಕೈ ಇತ್ತು.

ಹುಟ್ಟಿದಾಗಿನಿಂದ ಈ ಊರಿನಲ್ಲಿ ಬಾಯ್ತುಂಬ ನಕ್ಕವಳು. "ಯಾಕಕ್ಕಾ ಕೈ ಇಟ್ಟೆ?" ಅಂದೆ. "ಮುತ್ತಿನಂಥ ನಿನ್ ಹಲ್ಲಿನ ಪಕ್ಕ ನಂದೇನು ಚೆಂದ ಕಾಣ್ತದೆ, ಸುಮ್ನಿರು" ಎಂದು ಅಕ್ಕ ಶೇಂಗಾ ನೋಡುತ್ತಲೇ ಹೇಳಿದಳು. ನನ್ನ ಬಾಯಿಂದ ಅಷ್ಟು ಕಷ್ಟಪಟ್ಟು ಇಳಿಸಿದ ಕೈಯನ್ನು ನಾನು ಅಕ್ಕನ ಬಾಯಿಗೆ ಏರಿಸಿದ್ದೆ. ಡಾಕ್ಟರಮ್ಮ ಮಾಸ್ಕ್ ಇಳಿಸಿ ನಕ್ಕದ್ದು ಕಣ್ಣಮುಂದೆ ಬಂತು.

ನನಗೆ ಅವರಷ್ಟು ದೊಡ್ಡ ಮನಸ್ಸಿಲ್ಲ, ಹಾಕಿಸಿಕೊಂಡ ಪೊರೆಯನ್ನು ಕೀಳಿಸಲಾರೆ. ಬಿಡಿಸಿದ ಬೀಜದ ರಾಶಿಗೆ ಕೈ ಹಾಕಿದೆ. "ಅಕ್ಕಾ, ಬೊಗಸೆ ಒಡ್ಡು" ಅಂದೆ. ಏನೋ ಎಂದು ಒಡ್ಡಿದಳು. ತುಂಬಿ ತುಳುಕುವ ಹಾಗೆ ಸುರಿದು, ನನ್ನ ಬೊಗಸೆಯನ್ನೂ ತುಂಬಿಕೊಂಡೆ. ಬಿತ್ತನೆಯ ಬೀಜವನ್ನು ನೆಲಕ್ಕೆ ಚೆಲ್ಲುವವಳಲ್ಲ ನಮ್ಮಕ್ಕ, ಪ್ರಾಣ ಹೋದರೂ ಆ ಬೊಗಸೆ ಬಿಡುವುದಿಲ್ಲ. ಯಜಮಾನರಿಗೆ ಕಣ್ಣಲ್ಲೇ ಸನ್ನೆ ಮಾಡಿ, ಓಬಕ್ಕನ ಕಡೆ ತಿರುಗಿದೆ. "ಓಬಕ್ಕಾ, ಆ ಮಿಷನ್ನು ನಿನಗೆ ಏನಂತು, ಇನ್ನೊಂದ್ಸಲ ಹೇಳು" ಅಂದೆ.

ಆ ಎರಡನೇ ಫೋಟೋ ಈಗ ನಮ್ಮ ಅಂಗಡಿಯ ಗೋಡೆಯ ಮೇಲೆ, ಶೇಡ್ ಕಾರ್ಡಿನ ಪಕ್ಕದಲ್ಲಿ ಇದೆ. ಒಂದು ಬಿಳಿ ನಗು, ಒಂದು ಕಂದು ನಗು, ನಡುವೆ ನಾಲ್ಕು ಕೈ ತುಂಬ ಶೇಂಗಾ. ಯಾರಿದು ಎಂದು ಗಿರಾಕಿಗಳು ಕೇಳಿದರೆ ಯಜಮಾನರು ತಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತಾರೆ: "ಅಕ್ಕ ತಂಗಿ ಕಣ್ರಿ. ಶೇಡ್ ಬೇರೆ, ಬ್ಯಾಚು ಒಂದೇ."